ಅಷ್ಟು ಬೀಜ ಎಲ್ಲಿಟ್ಟೆ

ಮೂರನೆಯ ಭಾಗ ಬರುವವರೆಗೆ ನಮ್ಮೂರಲ್ಲಿ ಯಾರಿಗೂ ಕೂದಲು ಬೆಳೆಯುತ್ತಿರಲಿಲ್ಲ. ಹಾಗಾಗಿ ನಾನೂ ಇರಲಿಲ್ಲ. ಒಂದು ಬೆಳಿಗ್ಗೆ ಎಲ್ಲರೂ ಎದ್ದು ತಲೆ ತುರಿಸಿಕೊಂಡರಂತೆ, ಗಲ್ಲ ಸವರಿಕೊಂಡರಂತೆ, ಇದೇನು ಬಂತಪ್ಪ ಅಂತ ಬಾಗಿಲು ತೆಗೆದು ನೋಡಿದರೆ ಹೊಳೆಯ ಮೆಟ್ಟಿಲ ಹತ್ತಿರ, ಬೀಜದಂಗಡಿಯ ಎದುರಿಗೆ, ಒಂದು ಕ್ಷೌರದಂಗಡಿ. ಒಳಗೆ ಕತ್ತರಿ ಹಿಡಿದುಕೊಂಡು ನಾನು. "ಬನ್ನಿ, ಕೂತ್ಕೊಳ್ಳಿ" ಅಂದೆನಂತೆ. ಆ ಹೊತ್ತಿಗೆ ನನ್ನ ಬಾಯಲ್ಲಿ ಇದ್ದದ್ದೇ ಅಂಥ ನಾಲ್ಕೈದು ಮಾತು. ಕೆಲಸ ನನಗೆ ಯಾರೂ ಕಲಿಸಲಿಲ್ಲ. ಊರಿನ ಅರ್ಧ ಜನದ ಕಿವಿಯ ಮೇಲೆ ನಾನೇ ಕಲಿತೆ. ಮಾತೂ ಹಾಗೇ, ಕುರ್ಚಿಯಲ್ಲಿ ಕೂತವರಿಂದ ಕಲಿತೆ. ಈಗ ನಿಲ್ಲಿಸು ಅಂದರೂ ನಿಲ್ಲುವುದಿಲ್ಲ.

ನಮ್ಮೂರಿನದು ಒಂದೇ ಕ್ರಮ. ಎಲ್ಲೋ ದೂರದಲ್ಲಿ ಕೆಲವರು ಕೂತು ಈ ಊರಿನ ವಿಡಿಯೋ ಗೇಮ್ ಮಾಡುತ್ತಾರೆ. ಗುಂಡು ಹಾರಿಸುವ ಆಟವಲ್ಲ. ಮನೆ ಕಟ್ಟೋದು, ಗಿಡ ನೆಡೋದು, ಮೀನು ಹಿಡಿಯೋದು, ಅಕ್ಕಪಕ್ಕದವರ ಜೊತೆ ಚೆನ್ನಾಗಿರೋದು, ಅಷ್ಟೇ ಆಟ. ಕೆಲವು ವರ್ಷಕ್ಕೊಂದು ಸಲ ಹೊಸ ಭಾಗ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಬೆಳಿಗ್ಗೆ ಅದರಲ್ಲಿ ಏನಿದೆಯೋ ಅದು ಇಲ್ಲಿರುತ್ತದೆ, ಏನು ಬಿಟ್ಟಿದ್ದಾರೋ ಅದು ಇಲ್ಲಿರುವುದಿಲ್ಲ. ಜನವೂ ಅದರಲ್ಲೇ ಸೇರಿತು. ಹೋದವರು ಎಲ್ಲಿಗೆ ಹೋದರು ಅಂತ ಇಲ್ಲಿ ಕೇಳುವ ವಾಡಿಕೆಯಿಲ್ಲ.

ಮೊದಲ ಭಾಗದ ಊರನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಹೇಳಿದವನು ಹೊನ್ನಯ್ಯ. ಮೀನು ಹಿಡಿಯುವವನು, ಮೊದಲ ಭಾಗದಿಂದಲೂ ಇದ್ದವನು. "ಎಲ್ಲ ಪಾಚಿ ಬಣ್ಣ ಕಣೋ ತಿಪ್ಪೇಶಿ" ಅನ್ನುತ್ತಿದ್ದ. "ಆಕಾಶವೂ ಅದೇ ಬಣ್ಣ, ಹೊಳೆಯೂ ಅದೇ ಬಣ್ಣ. ಮೀನು ಒಂದೇ ಜಾತಿ. ಮಳೆ ಅನ್ನೋದು ಗೊತ್ತೇ ಇರಲಿಲ್ಲ. ಆಮೇಲೆ ಮಾತು. ಒಬ್ಬೊಬ್ಬರಿಗೆ ಇಷ್ಟಿಷ್ಟೇ. ನನ್ನದು 'ಗಾಳಿ ತಿರುಗಿತು', 'ಇವತ್ತು ಕಚ್ತಾ ಇಲ್ಲ', ಇನ್ನೊಂದು ಏನೋ ಇತ್ತು. ಕಾಲಿಗೆ ಮುಳ್ಳು ಹೊಕ್ಕರೂ 'ಗಾಳಿ ತಿರುಗಿತು' ಅಂತಲೇ ಕೂಗಬೇಕು."

"ಮತ್ತೆ ಸಂಕಮ್ಮಂದು?" ನಾನು ಬೇಕಂತಲೇ ಕೇಳುತ್ತಿದ್ದೆ.

ಸಂಕಮ್ಮ ಬೀಜದಂಗಡಿಯವಳು, ಅವಳೂ ಮೊದಲ ಭಾಗದವಳೇ. ಹೆಸರು ಬಂದರೆ ಹೊನ್ನಯ್ಯ ಕನ್ನಡಿಯಲ್ಲಿ ನನ್ನ ಮುಖ ಬಿಟ್ಟು ಬೇರೆಲ್ಲ ನೋಡುತ್ತಿದ್ದ. "ಅವಳದು 'ಏನು ಬೇಕು', 'ಇವತ್ತು ಇಷ್ಟೇ ಇರೋದು', 'ನಾಳೆ ಬಾ'. ಅಷ್ಟೇ ಅಪ್ಪ."

"ನಾಳೆ ಬಾ ಅಂದಿದ್ದಕ್ಕೆ ನೀನು ಹೋಗಿದ್ದೇ ಹೋಗಿದ್ದು."

"ಕರೆದರೆ ಹೋಗದೆ ಇರೋಕಾಗತ್ತಾ?"

ಅವಳು ಎಲ್ಲರಿಗೂ ಹಾಗೇ ಅನ್ನುತ್ತಿದ್ದಳು, ಅವಳ ಬಾಯಲ್ಲಿ ಬೇರೆ ಇರಲೇ ಇಲ್ಲ. ಆದರೆ ಹೊನ್ನಯ್ಯ ಒಬ್ಬನೇ ಅದನ್ನು ನಿಜವಾಗಿ ತೆಗೆದುಕೊಂಡು ದಿನಾ ಸಂಜೆ ಹೋಗುತ್ತಿದ್ದ. ಹೋಗಿ ಒಂದು ಪೊಟ್ಟಣ ಬೀಜ ತರುತ್ತಿದ್ದ. ಬದನೆ, ಹೀರೆ, ಚೆಂಡು ಹೂವು, ಏನಿದ್ದರೆ ಅದು. ಅವನಿಗೆ ಅಂಗೈ ಅಗಲ ನೆಲ ಇರಲಿಲ್ಲ. ದೋಣಿಯಲ್ಲಿ ಬದನೆ ಬೆಳೆಯುತ್ತಾನೇನೋ ಅಂತ ಊರವರು ನಗುತ್ತಿದ್ದರು. ಅದೂ ನಗುವುದು ಬಂದ ಮೇಲೆ. ನಗು ಬಂದಿದ್ದು ಎರಡನೆಯ ಭಾಗದಲ್ಲಿ, ಮಳೆಯ ಜೊತೆಗೆ.

ಎರಡನೆಯ ಭಾಗದಲ್ಲೇ ಮೊದಲ ಸಲ ಒಬ್ಬರು ಇಲ್ಲವಾದರು. ಕಡವಿನ ದೋಣಿಯ ರುದ್ರಣ್ಣ. ಪೋಸ್ಟ್ ಆಫೀಸಿನ ಕಲಾವತಿ ಮೇಡಂ ಇದ್ದಾರಲ್ಲ, ಅವರ ಅಪ್ಪ. ಬೆಳಿಗ್ಗೆ ಹೋಗಿ ನೋಡಿದರೆ ದೋಣಿಯಲ್ಲಿ ಯಾರೋ ಹೊಸಬ. ಆಗಲಿ ಅಂತ ಕಲಾವತಿ ಮೇಡಂ ದೋಣಿ ಹತ್ತಿ ಕೂತರಂತೆ. ಹೊಸಬ ಹುಟ್ಟು ಎತ್ತಿ, ಅವರ ಮುಖ ಕೂಡ ನೋಡದೆ, "ಮಗಾ, ಚಪ್ಪಲಿ ನೆನೆಯತ್ತೆ, ಮೇಲೆ ಹಿಡ್ಕೋ" ಅಂದನಂತೆ. ಹಿಂದಿನ ದಿನ ಅವರಪ್ಪ ಹೇಳಿದ್ದ ಮಾತು. ಅದೇ ಎಳೆತ, ಅದೇ ಕೆಮ್ಮು. ಹೋದವರ ಕೊನೆಯ ದಿನದ ಮಾತು ಬಂದವರ ಬಾಯಿಗೆ ಹತ್ತಿಕೊಳ್ಳುತ್ತದೆ ಅಂತ ಊರಿಗೆ ಗೊತ್ತಾಗಿದ್ದು ಹಾಗೆ. ಮೇಡಂ ಆವತ್ತು ದೋಣಿಯಿಂದ ಇಳಿದವರು ಮತ್ತೆ ಹತ್ತಲಿಲ್ಲ. ಆಚೆ ದಡಕ್ಕೆ ಹೋಗಬೇಕಾದರೆ ಮೇಲಿನ ಸೇತುವೆ ಸುತ್ತಿಕೊಂಡು ಹೋಗುತ್ತಿದ್ದರು.

ಆಮೇಲೆ ಒಂದು ಪದ್ಧತಿ ಬಂತು. ಪದ್ಧತಿ ಮಾಡಿದವರೂ ಮೇಡಮ್ಮೇ, ಕಾವಲು ಕಾದವರೂ ಅವರೇ. ಹೋಗುವವರು ಕೊನೆಯ ದಿನ ಬಾಯಿ ಬಿಡಬಾರದು. ಊರವರೆಲ್ಲ ಬಂದು ತಮ್ಮಲ್ಲಿದ್ದಷ್ಟು ಮಾತಾಡಬೇಕು, ಉಣ್ಣಿಸಬೇಕು, ಕೊಡುವುದು ಕೊಡಬೇಕು. ಹೋಗುವವರು ತಲೆಯಾಡಿಸಬಹುದು, ಕೈ ಹಿಡಿಯಬಹುದು, ಮಾತು ಮಾತ್ರ ಇಲ್ಲ. ಅವರ ಮಾತು ಅವರ ಜೊತೆ ಹೋಗಲಿ, ಇನ್ನೊಬ್ಬರ ಬಾಯಲ್ಲಿ ಕೇಳಿ ಇದ್ದವರ ಕರುಳು ಕಿತ್ತು ಬರುವುದು ಬೇಡ ಅಂತ.

ಹೋಗುವವರು ಯಾರು ಅಂತ ಮುಂಚೆ ಗೊತ್ತಾಗಬೇಕಲ್ಲ. ಅದಕ್ಕೆ ಟ್ರೇಲರ್ ಇತ್ತು. ಹೊಸ ಭಾಗ ಬರುವ ಮುಂಚೆ ಒಂದು ಸಂಜೆ ಐಸ್ ಗೋದಾಮಿನ ಬಿಳಿ ಗೋಡೆಯ ಮೇಲೆ ಅದು ಮೂಡುತ್ತದೆ. ಊರೆಲ್ಲ ಚಾಪೆ ಹಿಡಿದುಕೊಂಡು ಹೋಗಿ ಕೂರುತ್ತಿದ್ದೆವು. ಬಣ್ಣ, ಹಾಡು, ಹೊಸ ಮನೆ, ಹೊಸ ಮರ, ಅದನ್ನೆಲ್ಲ ಯಾರು ನೋಡುತ್ತಾರೆ. ಎಲ್ಲರೂ ಗೋಡೆಯ ಮೇಲೆ ತಮ್ಮ ತಮ್ಮ ಮುಖ ಹುಡುಕುವುದು. ಕಂಡರೆ ಉಸಿರು ಬಿಡುವುದು. ಕಾಣದವರ ಪಕ್ಕ ಕೂತವರು ಮೆಲ್ಲಗೆ ಅವರ ಕೈ ಮೇಲೆ ಕೈ ಇಡುವುದು.

ಮೂರನೆಯದರ ಆಮೇಲೆ ಒಂದು ಕಿಸೆ ಭಾಗ ಅಂತ ಬಂತು, ಜೇಬಿನಲ್ಲಿಟ್ಟುಕೊಂಡು ಆಡುವುದಂತೆ. ಬೀದಿ ಅರ್ಧಕ್ಕರ್ಧ ಮೊಟಕಾಗಿ ನನ್ನ ಕುರ್ಚಿಯ ಕಾಲು ಸಂಕಮ್ಮನ ಅಂಗಡಿಯೊಳಗಿತ್ತು. ಕಾಲು ಚಾಚಿ ಮಲಗಿದರೆ ಪಕ್ಕದ ಮನೆಯವರಿಗೆ ಒದೆ. ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊನ್ನಯ್ಯ ಒಬ್ಬನೇ ಅದನ್ನು ಒಳ್ಳೆಯ ಭಾಗ ಅನ್ನುತ್ತಿದ್ದವನು. ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅವನ ಮನೆ ಕಿಟಕಿಗೂ ಬೀಜದಂಗಡಿಯ ಕಿಟಕಿಗೂ ನಡುವೆ ಆಗ ಒಂದು ಮೊರ ಇಡುವಷ್ಟೂ ಜಾಗವಿರಲಿಲ್ಲ. ಆಮೇಲೆ ನಾಲ್ಕನೆಯದು ಬರಬೇಕಿತ್ತು, ಮುಂದೂಡಿದರು. ಮತ್ತೆ ಮುಂದೂಡಿದರು. ಊರು ಬಾಗಿಲಿಗೆ ತೋರಣ ಕಟ್ಟಿ ಒಣಗಿಸಿ ಬಿಚ್ಚಿ ಮತ್ತೆ ಕಟ್ಟಿತು. ಕೊನೆಗೆ ಬಂದಾಗ ಬಂದದ್ದು ಮಾತು. ಎಲ್ಲರಿಗೂ, ಮನಸ್ಸಿಗೆ ಬಂದದ್ದನ್ನೆಲ್ಲ ಆಡುವಷ್ಟು. ಆ ಮೊದಲ ವಾರ ಊರಲ್ಲಿ ಯಾರೂ ಅಡುಗೆ ಮಾಡಲಿಲ್ಲ, ಬರೀ ಮಾತು. ಹಳೆಯ ಸಿಟ್ಟೆಲ್ಲ ಆಗ ಹೊರಗೆ ಬಂತು. "ನೀನು ಎರಡನೆ ಭಾಗದಲ್ಲಿ ನನ್ನ ಕೊಡೆ ತಗೊಂಡು ಹೋದೋನು" ಅಂತ ಜಗಳ.

ಹೊನ್ನಯ್ಯ ಮಾತ್ರ ಆಡಬೇಕಾದ್ದನ್ನು ಆಡಲಿಲ್ಲ.

ಅದಕ್ಕೊಂದು ಕಾರಣ ಕಟ್ಟಿಕೊಂಡಿದ್ದ. ನಾಲ್ಕನೆಯ ಭಾಗದಲ್ಲಿ ಮದುವೆಯೂ ಬಂದಿತ್ತು, ಆದರೆ ಆಟ ಆಡಲು ಟೋಪಿ ಹಾಕಿಕೊಂಡು ಪೆಟ್ಟಿಗೆ ಹಿಡಿದು ಬರುತ್ತಾರಲ್ಲ ಅತಿಥಿಗಳು, ಅವರ ಜೊತೆಗೆ ಮಾತ್ರ. ಊರವರು ಊರವರನ್ನು ಆಗುವ ಹಾಗಿರಲಿಲ್ಲ. ಅದು ಐದನೆಯದರಲ್ಲಿ ಬರುತ್ತದೆ ಅಂತ ಸುದ್ದಿ. ಒಂದು ದಿನ ಗಡ್ಡಕ್ಕೆ ಸೋಪು ಹಚ್ಚುವಾಗ ತಾನಾಗೇ ಬಾಯಿ ಬಿಟ್ಟ.

"ತಿಪ್ಪೇಶಿ, ಹೊಳೆ ಕೆಳಗೆ ನಡುಗಡ್ಡೆ ಇದೆಯಲ್ಲ."

"ಇದೆ. ಪಾಚಿ ಕಟ್ಟಿದೆ."

"ಪಾಚಿ ಅಲ್ಲ ಅದು."

ಮೊದಲ ಭಾಗದಲ್ಲಿ ಒಮ್ಮೆ ಅವನ ದೋಣಿ ಸೆಳೆತಕ್ಕೆ ಸಿಕ್ಕಿ ಅಲ್ಲಿಗೆ ಹೋಗಿ ನಿಂತಿತ್ತಂತೆ. ಆಟ ಅಲ್ಲಿಗೆ ಮುಟ್ಟುವುದಿಲ್ಲ, ಹಾಗಾಗಿ ಊರವರು ಯಾರೂ ಅತ್ತ ಹೋಗುವವರಲ್ಲ. ಊರೊಳಗೆ ಹೊಸ ಭಾಗ ಬಂದಾಗಲೆಲ್ಲ ಹಿತ್ತಲುಗಳು ಬರಿದಾಗಿ ಮತ್ತೆ ಮೊದಲಿಂದ ನೆಡಬೇಕು. ನಡುಗಡ್ಡೆಯಲ್ಲಿ ಹಾಕಿದ್ದು ಹಾಕಿದಲ್ಲೇ ಇರುತ್ತದೆ. ಇವನು ಸಂಕಮ್ಮ ಕೊಟ್ಟ ಬೀಜವನ್ನೆಲ್ಲ, ಅಷ್ಟೂ ವರ್ಷದ್ದು, ಅಲ್ಲಿ ಬಿತ್ತಿದ್ದ. ನನ್ನ ಅಂಗಡಿಯ ಬಾಗಿಲಿಂದ ಹಸಿರು ಗೀಟಿನ ಹಾಗೆ ಕಾಣುತ್ತಿದ್ದದ್ದು ಅದೇ.

"ಹೇಳಿದ್ದೀಯಾ ಅವಳಿಗೆ?"

"ಐದನೆಯದು ಬರಲಿ. ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿ, ಅಲ್ಲೇ ಕೇಳ್ತೀನಿ. ಈಗ ಹೇಳಿ, ಆಗೋ ಹಾಗಿಲ್ಲ ಅಂತ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರೋದು ಯಾಕೆ."

"ಮಾತಾಡೋಕೆ ಈಗಲೇ ಆಗತ್ತಲ್ಲಯ್ಯ."

"ಇಷ್ಟು ಕಾದಿದ್ದೀನಿ, ಇನ್ನೊಂದು ಭಾಗ ಏನು ಮಹಾ."

ಎದುರಿಗೆ ಬೀಜದಂಗಡಿಯಿಂದ ಸಂಕಮ್ಮ ಕೂಗಿದಳು, "ಏನಯ್ಯ ಹೊನ್ನಯ್ಯ, ಮೀನಿಗೆ ಹೀರೆಕಾಯಿ ಸಾರು ಹಿಡಿಸ್ತಾ?" ಮಾತು ಬಂದ ಮೇಲೆ ಅವಳೊಬ್ಬಳೇ ಊರಲ್ಲಿ ಅದನ್ನು ಚೆನ್ನಾಗಿ ಬಳಸಿದವಳು. ಗಿರಾಕಿಗೆ ತಕ್ಕ ಹಾಗೆ ಒಂದೊಂದು ಕೊಂಕು. ಇವನು ಸೋಪಿನ ನೊರೆಯೊಳಗೇ ನಕ್ಕ.

ಐದನೆಯದರ ಟ್ರೇಲರ್ ಬಂದ ಸಂಜೆ ಅವರಿಬ್ಬರೂ ಅಕ್ಕಪಕ್ಕದ ಚಾಪೆಯಲ್ಲಿ ಕೂತಿದ್ದರು. ಗೋಡೆಯ ಮೇಲೆ ಮೊದಲು ಹೊಳೆ ಬಂತು. ಸಂಕಮ್ಮ ಬಂದಳು, ತಕ್ಕಡಿ ಹಿಡಿದು ನಗುತ್ತಾ, ಹೊಸ ಹಳದಿ ಸೀರೆಯಲ್ಲಿ. ಎಲ್ಲರೂ ಅವಳ ಬೆನ್ನು ತಟ್ಟಿದರು. ನಾನು ಬಂದೆ, ಕನ್ನಡಿ ಒರೆಸುತ್ತಿದ್ದೆ. ಕಲಾವತಿ ಮೇಡಂ ಬಂದರು. ಮೆಟ್ಟಿಲ ಹತ್ತಿರ ಒಂದು ಮದುವೆ ಚಪ್ಪರ ಬಂತು, ಊರಿನ ಇಬ್ಬರು ಹಾರ ಹಾಕಿಕೊಂಡಿದ್ದರು, ಮುಖ ಕಾಣಲಿಲ್ಲ. ಕೊನೆಗೆ ಹೊನ್ನಯ್ಯನ ದೋಣಿ ಬಂತು. ಕಂಬಕ್ಕೆ ಕಟ್ಟಿತ್ತು, ನೀರಲ್ಲಿ ಅಲ್ಲಾಡುತ್ತಿತ್ತು. ಖಾಲಿ. ಅಷ್ಟಕ್ಕೆ ಮುಗಿಯಿತು.

ಕಲಾವತಿ ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ದೋಣಿ ಇದೆ, ಹೊನ್ನಯ್ಯ ಇಲ್ಲ" ಅಂದರು. ಅವರು ಅಂದಮೇಲೆ ಆಯಿತು. ಸಂಕಮ್ಮ ಅವನ ಕೈ ಮೇಲೆ ಕೈಯಿಟ್ಟಳು. ಹಾಗೆ ಇಟ್ಟಿದ್ದು ಅದೇ ಮೊದಲ ಸಲವಂತೆ.

ಕೊನೆಯ ದಿನ ಊರು ಅವನನ್ನು ಕಳಿಸಿಕೊಟ್ಟ ರೀತಿ ನೋಡಬೇಕಿತ್ತು. ಗೋದಾಮಿನವರು ಊಟ ಹಾಕಿದರು. ಕೊಟ್ಟ ಉಡುಗೊರೆ ಇಡಲು ಜಾಗವಿಲ್ಲದೆ ಅವನ ಮಂಚದ ಮೇಲೆ ಪೇರಿಸಿದರು, ಆಮೇಲೆ ಹೇಗೂ ಇವನು ಇರುವುದಿಲ್ಲವಲ್ಲ ಅಂತ ಪಕ್ಕದ ಮನೆಯವರು ಮಂಚವನ್ನೇ ಎತ್ತಿಕೊಂಡು ಹೋದರು. ಬಂದವರೆಲ್ಲ ಮಾತಾಡಿದರು. ಇವನು ತಲೆಯಾಡಿಸಿದ. ಮೇಡಂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅವನ ಬಾಯಿ ಕಾಯುತ್ತಿದ್ದರು. ಸಂಜೆಗೆ ಅವನನ್ನು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಹೋಗುವವರಿಗೆ ಕೊನೆಯ ಕ್ಷೌರ ನನ್ನ ಕಡೆಯಿಂದ.

ಅಂಗಡಿ ಮುಚ್ಚಿ ಸಂಕಮ್ಮ ಬಂದಳು. ಮೇಡಂಗೆ "ಸ್ವಲ್ಪ ಆಚೆ ಹೋಗ್ತೀರಾ" ಅಂದಳು. ಅವರು ಹೋದರು. ನನಗೆ ಹೇಳಲಿಲ್ಲ, ನಾನು ಕತ್ತಿ ಹಿಡಿದಿದ್ದೆ. ಅವಳು ಬಾಗಿಲಿಗೆ ಒರಗಿ ನಿಂತು, ಕನ್ನಡಿಯಲ್ಲಿ ಅವನನ್ನು ನೋಡುತ್ತಾ ಅಂದಳು: "ನಿಂಗೆ ಬೀಜ ಬೇಕಿರಲಿಲ್ಲ, ನಂಗೆ ಗೊತ್ತಿತ್ತು. ಕೇಳೋಣ ಅಂದ್ರೆ ಆಗ ಮಾತಿರಲಿಲ್ಲ. ಕೊಡ್ತಾ ಹೋದೆ. ಅಷ್ಟು ಬೀಜ ಎಲ್ಲಿಟ್ಟೆ ಮಾರಾಯ?"

ನಾನು ಕತ್ತಿ ಹಿಂದಕ್ಕೆ ತೆಗೆದೆ. "ಹೇಳಯ್ಯ" ಅಂದೆ. "ಮೇಡಂ ದೂರ ಇದ್ದಾರೆ. ಹೇಳಿಬಿಡು." ಅವನು ತಲೆಯಾಡಿಸಿದ, ಇಲ್ಲ ಅಂತ. ಸಂಕಮ್ಮ ಬಾಗಿಲು ಬಿಟ್ಟು ಕುರ್ಚಿಯ ಹತ್ತಿರ ಬಂದಳು. "ಹೋಗಲಿ ಬಿಡು" ಅಂದಳು. ಅವನ ಭುಜದ ಮೇಲೆ ಬಿದ್ದಿದ್ದ ಕೂದಲನ್ನು ಎರಡು ಬೆರಳಲ್ಲಿ ತೆಗೆದು, ಊದಿ, ಹೋದಳು.

ಅವನು ಯಾಕೆ ಬಾಯಿ ಬಿಡಲಿಲ್ಲ ಅಂತ ಆಮೇಲೆ ಹೇಳಿದ. ನಾಳೆಯಿಂದ ಯಾವನೋ ಹೊಸ ಮೀನಿನವನು ದಿನಾ ಸಂಜೆ ಅವಳ ಅಂಗಡಿ ಮುಂದೆ ನಿಂತು, ಅರ್ಥ ಗೊತ್ತಿಲ್ಲದೆ, ನಡುಗಡ್ಡೆಯ ಮಾತು ಹೇಳುವುದು. ಅವಳು ತಕ್ಕಡಿ ಹಿಡಿದುಕೊಂಡು ಕೇಳುವುದು. ಅದನ್ನು ಅವಳ ತಲೆಗೆ ಕಟ್ಟಿ ಹೋಗಲು ಅವನಿಗೆ ಮನಸ್ಸಾಗಲಿಲ್ಲ.

ಬೆಳಿಗ್ಗೆ ಐದನೆಯ ಭಾಗ ಬಂತು. ಬೀದಿಗೆ ಹೊಸ ಕಲ್ಲು ಹಾಸಿತ್ತು. ನನ್ನ ಅಂಗಡಿಗೆ ಎರಡನೆಯ ಕನ್ನಡಿ ಬಂದಿತ್ತು. ಹೊನ್ನಯ್ಯ ತನ್ನ ಮನೆಯಲ್ಲಿ, ಮಂಚವಿಲ್ಲದ ನೆಲದ ಮೇಲೆ ಎದ್ದ.

ಬಾಗಿಲು ತೆಗೆದು ಹೊರಗೆ ಬಂದವನನ್ನು ನೋಡಿ ಬೀದಿ ಹಾಗೇ ನಿಂತಿತು. ಆಮೇಲೆ ಯಾರೋ "ಅಯ್ಯೋ ಇವನ, ನಿನ್ನೆ ಅಷ್ಟು ಹೋಳಿಗೆ ತಿಂದು ಇನ್ನೂ ಇಲ್ಲೇ ಇದ್ದಾನೆ" ಅಂದರು. ಮಂಚದವರು ಮಂಚ ತಂದಿಟ್ಟರು. ನಗುವವರು, ಬೆನ್ನಿಗೆ ಗುದ್ದುವವರು. ಅವನು ಯಾರನ್ನೂ ನೋಡಲಿಲ್ಲ. ನೇರ ಬೀಜದಂಗಡಿಯ ಕಡೆ ಹೊರಟ. ಹೋಗುತ್ತಾ ತುಟಿ ಅಲ್ಲಾಡುತ್ತಿತ್ತು, ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದ. ಅಂಗಡಿಯ ಶಟರ್ ಬಾಗಿಲು ಮೇಲಕ್ಕೆ ಹೋಯಿತು. ಒಳಗಿದ್ದವನು ದಪ್ಪ ಮೀಸೆಯ, ನಗುಮುಖದ ಒಬ್ಬ ದಢೂತಿ. "ಬನ್ನಿ, ಬನ್ನಿ. ನಾನು ಚಂದ್ರಹಾಸ. ಏನು ಬೇಕು?"

ಅವಳು ಎಲ್ಲಿ ಅಂತ ಹೊನ್ನಯ್ಯ ಕೇಳಲಿಲ್ಲ. ಕೇಳುವ ವಾಡಿಕೆಯಿಲ್ಲವಲ್ಲ. ಕಲಾವತಿ ಮೇಡಂ ಓಡಿ ಬಂದವರು ಅಂಗಡಿಯ ಮುಂದಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಗೋಡೆ ಮೇಲೆ ಇದ್ದಳಲ್ಲ" ಅಂದರು. "ನಾನೇ ನೋಡಿದೆನಲ್ಲ, ಹಳದಿ ಸೀರೆ." ಆಟ ಮಾಡುವವರು ಮೊದಲು ಇಟ್ಟಿದ್ದರೋ, ಆಮೇಲೆ ತೆಗೆದರೋ, ಯಾರಿಗೆ ಗೊತ್ತು. ಟ್ರೇಲರಿನಲ್ಲಿ ತೋರಿಸಿದ್ದೆಲ್ಲ ಕೊನೆಗೆ ಇರಬೇಕು ಅಂತ ಯಾರೂ ನಮಗೆ ಮಾತು ಕೊಟ್ಟಿರಲಿಲ್ಲ. ನಾವೇ ಅಂದುಕೊಂಡಿದ್ದು.

ನನಗೆ ಈಗಲೂ ಚುಚ್ಚುವುದು ಇಷ್ಟೇ. ಆ ಕೊನೆಯ ದಿನ ಅವಳೂ ನಮ್ಮ ಜೊತೆ ಪಂಕ್ತಿಯಲ್ಲಿ ನಿಂತು ಅವನಿಗೆ ಹೋಳಿಗೆ ಬಡಿಸಿದಳು. ಅವಳ ಎಲೆಗೆ ಯಾರು ಬಡಿಸಿದರು ಅಂತ ಯಾರಿಗೂ ನೆನಪಿಲ್ಲ. ಅವಳಿಗೆ ಯಾರೂ ಹೋಗಿ ಬಾ ಅನ್ನಲಿಲ್ಲ.

ಆ ಸಂಜೆ ಮೇಡಂ ಕೊತ್ತಂಬರಿ ಬೀಜಕ್ಕೆ ಹೋಗಿದ್ದರು. ಚಂದ್ರಹಾಸ ಪೊಟ್ಟಣ ಕಟ್ಟಿ ಕೊಟ್ಟು, ಅಂಗಡಿ ಬಾಗಿಲು ಎಳೆಯುತ್ತಾ, ಇದ್ದಕ್ಕಿದ್ದ ಹಾಗೆ ಬಾಗಿಲಿಗೆ ಒರಗಿ ನಿಂತ. "ನಿಂಗೆ ಬೀಜ ಬೇಕಿರಲಿಲ್ಲ, ನಂಗೆ ಗೊತ್ತಿತ್ತು. ಕೇಳೋಣ ಅಂದ್ರೆ ಆಗ ಮಾತಿರಲಿಲ್ಲ. ಕೊಡ್ತಾ ಹೋದೆ. ಅಷ್ಟು ಬೀಜ ಎಲ್ಲಿಟ್ಟೆ ಮಾರಾಯ?" ಆಮೇಲೆ ಕಣ್ಣು ಮಿಟುಕಿಸಿ, "ಕ್ಷಮಿಸಿ ಮೇಡಂ, ಯಾಕೋ ಬಾಯಿಗೆ ಬಂತು" ಅಂದ. ಮೇಡಂ ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದರು. ನಾನು ಎದುರಿಗೆ ಕತ್ತರಿ ತೊಳೆಯುತ್ತಿದ್ದೆ, ಕೇಳಿಸಿತು. ಬಾಯಿ ಕಟ್ಟಿಕೊಂಡವನು ಉಳಿದಿದ್ದ, ಬಾಯಿ ಬಿಟ್ಟವಳು ಹೋಗಿದ್ದಳು.

ಅಲ್ಲಿಂದ ದಿನಾ ಬಾಗಿಲು ಎಳೆಯುವಾಗ ಅವನು ಅದನ್ನು ಹೇಳುತ್ತಿದ್ದ, ಎದುರಿಗೆ ಯಾರಿದ್ದರೆ ಅವರಿಗೆ. ಊರಿಗೆ ರೂಢಿಯಾಯಿತು. ಟೋಪಿಯ ಅತಿಥಿಗಳು ನಕ್ಕು "ಹೊಲದಲ್ಲಿಟ್ಟೆ, ಇನ್ನೆಲ್ಲಿಡ್ತಾರೆ" ಅಂತ ಹೋಗುತ್ತಿದ್ದರು. ಹೊನ್ನಯ್ಯ ಮೊದಮೊದಲು ಆ ಹೊತ್ತಿಗೆ ಬೇಕಂತಲೇ ಹೊಳೆಯ ಮೇಲಿರುತ್ತಿದ್ದ. ಆಮೇಲೆ ನನ್ನ ಅಂಗಡಿಯಲ್ಲಿ ಬಂದು ಕೂರತೊಡಗಿದ. ಆಮೇಲೆ ಒಂದು ಸಂಜೆ ಎದ್ದು ರಸ್ತೆ ದಾಟಿ ಹೋಗಿ, ಒಂದು ಪೊಟ್ಟಣ ಬದನೆ ಬೀಜ ಕೇಳಿದ. ಮಾರನೆಯ ದಿನ ಹೀರೆ.

"ನಡುಗಡ್ಡೆಗೇ ಹಾಕ್ತೀಯಾ?" ಅಂದೆ.

"ಮತ್ತೆಲ್ಲಿ."

"ಅವನು ಕೇಳಿದಾಗ ಹೇಳಿಬಿಡಬಾರದಾ? ಅವಳ ಮಾತೇ ಅಲ್ಲವಾ ಅದು."

"ಮಾತು ಅವಳದು, ಕಿವಿ ಅವನದು" ಅಂದ. "ಅವನ ಕಿವಿಗೆ ಹಾಕಿ ಏನು ಮಾಡಲಿ?"

ಮದುವೆ ಬಂದಿತ್ತು ಐದನೆಯ ಭಾಗದಲ್ಲಿ, ಹೇಳಿದ ಹಾಗೇ. ಮೆಟ್ಟಿಲ ಹತ್ತಿರ ಚಪ್ಪರ ಮೇಲೆ ಚಪ್ಪರ. ಹೊನ್ನಯ್ಯ ಎಲ್ಲ ಮದುವೆಗೂ ಮೀನು ಕೊಟ್ಟ. ಊಟಕ್ಕೆ ಕೂರುತ್ತಿರಲಿಲ್ಲ. "ನಾಲ್ಕನೆಯ ಭಾಗದಲ್ಲೇ ಮಾತಿತ್ತಲ್ಲ ತಿಪ್ಪೇಶಿ" ಅಂತ ಒಂದೊಂದು ದಿನ ತಾನಾಗೇ ಅನ್ನುತ್ತಿದ್ದ, ನಾನೇನೂ ಕೇಳದಿದ್ದರೂ. "ಮಾತಿತ್ತು, ಅವಳಿದ್ದಳು, ದೋಣಿ ಇತ್ತು. ನಾನು ಮದುವೆ ಬರಲಿ ಅಂತ ಕಾದೆ."

ಆರನೆಯದರ ಟ್ರೇಲರ್ ಬಂದ ಸಂಜೆ ಗೋದಾಮಿನ ಗೋಡೆಯ ಮುಂದೆ ಒಂದು ಚಾಪೆಯೂ ಇರಲಿಲ್ಲ. ಹಾಡು ಮಾತ್ರ ಕೇಳಿಸುತ್ತಿತ್ತು, ಖಾಲಿ ಬಯಲಿಗೆ. ಊರು ಬೇರೆ ಪದ್ಧತಿ ಮಾಡಿಕೊಂಡಿತ್ತು. ಬಿಡುಗಡೆಯ ಹಿಂದಿನ ದಿನ ಎಲ್ಲರೂ ಎಲ್ಲರ ಮನೆಗೂ ಹೋಗಿ 'ಹೋಗಿ ಬಾ' ಅನ್ನುವುದು. ಯಾರು ಹೋಗುತ್ತಾರೋ, ಯಾರು ಇರುತ್ತಾರೋ, ಎಲ್ಲರಿಗೂ. ಕೆಲವರಿಗೆ ಅದು ತಮಾಷೆಯಾಗಿ ಕಾಣುತ್ತದೆ, ಬಂದವರೂ ಹೋಗಿ ಬಾ ಅನ್ನುತ್ತಾರೆ, ಇದ್ದವರೂ ಹೋಗಿ ಬಾ ಅನ್ನುತ್ತಾರೆ. ಇರಲಿ.

ಆರನೆಯದರ ಹಿಂದಿನ ದಿನ ಕಲಾವತಿ ಮೇಡಂ ನನ್ನ ಅಂಗಡಿಗೆ ಬಂದಾಗ ಅವರ ಸೀರೆಯ ಅಂಚು ಒದ್ದೆಯಾಗಿತ್ತು. ಕಡವಿನ ದೋಣಿಯಲ್ಲಿ ಬಂದಿದ್ದರು. ಎರಡನೆಯ ಭಾಗದಿಂದ ಸೇತುವೆ ಸುತ್ತಿದವರು. ಹೊನ್ನಯ್ಯ ಕುರ್ಚಿಯಲ್ಲಿದ್ದ.

"ಹೇಳಿದನಯ್ಯ ದೋಣಿಯವನು" ಅಂದರು. "ಚಪ್ಪಲಿ ನೆನೆಯತ್ತೆ ಮಗಾ ಅಂತ. ಚಪ್ಪಲಿ ಎತ್ತಿ ಹಿಡ್ಕೊಂಡೆ." ಅವರು ಕೈಯಲ್ಲಿ ಹಿಡಿದಿದ್ದ ಚಪ್ಪಲಿಯನ್ನು ಕೆಳಗೆ ಹಾಕಿ ಮೆಟ್ಟಿಕೊಂಡರು. "ಇಷ್ಟು ವರ್ಷ ಸುತ್ತು ಹಾಕಿಬಿಟ್ಟೆ. ಹೊನ್ನಯ್ಯ, ನಿಂದು ಏನಿದೆಯೋ ಹೇಳಿಬಿಡು. ಬಾಯಿ ಕಾಯೋಕೆ ನಾನು ಬಂದಿಲ್ಲ ಈ ಸಲ."

ಹೊನ್ನಯ್ಯ ಮುಖ ಒರೆಸಿಕೊಂಡು ಎದ್ದ. ದೋಣಿಯ ಹತ್ತಿರ ಹೋಗಿ, ಕಟ್ಟಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟಿದ, ಸುಮ್ಮನೆ, ಕೈಗೊಂದು ಕೆಲಸ ಬೇಕಾದ ಹಾಗೆ. ಬೀಜದಂಗಡಿಯ ಕಡೆ ತಿರುಗಿದ. ಮಧ್ಯಾಹ್ನದ ಹೊತ್ತು, ಚಂದ್ರಹಾಸ ಒಳಗೆ ಗೊರಕೆ ಹೊಡೆಯುತ್ತಿದ್ದ. ಇವನು ಅಂಗಡಿಯ ಬೋರ್ಡಿಗೇ ಹೇಳಿದ, ನನಗೂ ಮೇಡಂಗೂ ಕೇಳುವಷ್ಟು ಗಟ್ಟಿಯಾಗಿ: "ಒಂದೂ ಕಳೆದಿಲ್ಲ ಕಣೆ. ಎಲ್ಲ ನಡುಗಡ್ಡೆಲಿ ಹಾಕಿದ್ದೀನಿ. ದೋಣಿಲಿ ಇಬ್ಬರಿಗೆ ಜಾಗ ಇದೆ, ಬಾ, ತೋರಿಸ್ತೀನಿ."

ವಾಪಸ್ ಬಂದು ಕುರ್ಚಿಯಲ್ಲಿ ಕೂತ. "ನಾನು ಹೋದರೆ ಅದು ಇಲ್ಲಿರಲಿ" ಅಂದ. "ಅವಳ ಮಾತು ಒಂಟಿಯಾಗಿ ಕೇಳ್ತಾನೇ ಇದೆ, ಪಾಪ." ಉಳಿದ ಅರ್ಧ ಗಡ್ಡ ತೆಗೆದೆ. ಹೋಗಿ ಬಾ ಅಂದೆ. ನೀನೂ ಹೋಗಿ ಬಾ ಅಂದ.

ಬೆಳಿಗ್ಗೆ ನಾನಿದ್ದೆ. ಮೇಡಂ ಇದ್ದರು. ಚಂದ್ರಹಾಸ ಬಾಗಿಲು ಮೇಲಕ್ಕೆತ್ತಿ ಆಕಳಿಸಿದ. ಹೊಳೆಯಿಂದ ಹೊನ್ನಯ್ಯನ ದೋಣಿ ಬಂತು, ಅದರಲ್ಲಿ ಸೊಂಟಕ್ಕೆ ಸೆರಗು ಬಿಗಿದ ಒಬ್ಬ ಹೆಂಗಸು. ಮುತ್ತಕ್ಕ ಅಂತ ಹೆಸರು. ಒಳ್ಳೆಯವಳು, ಕೆಲಸದಲ್ಲಿ ಗಟ್ಟಿ. ದೋಣಿ ಕಂಬಕ್ಕೆ ಕಟ್ಟಿ ಗಂಟು ಬಿಗಿಯುವಾಗ ಅವಳ ಬಾಯಲ್ಲಿ ಬಂತು, "ಒಂದೂ ಕಳೆದಿಲ್ಲ ಕಣೆ." ಬಟ್ಟೆ ಒಗೆಯುತ್ತಿದ್ದವರು ಏನು ಕಳೆದಿಲ್ಲ ಅಂತ ಕೇಳಿದರು. ಅವಳಿಗೆ ಗೊತ್ತಿರಲಿಲ್ಲ.

ಆದರೆ ಮುತ್ತಕ್ಕನ ದೋಣಿ ಬರುವುದು ಬೆಳಿಗ್ಗೆ, ಚಂದ್ರಹಾಸ ಬಾಗಿಲು ಎಳೆಯುವುದು ಸಂಜೆ. ಬೆಳಿಗ್ಗೆ ಉತ್ತರ ಬಂದು ಹೋಗುತ್ತದೆ, ಸಂಜೆ ಪ್ರಶ್ನೆ ಬರುತ್ತದೆ. ಎರಡರ ನಡುವೆ ಇಡೀ ದಿನ ನನ್ನ ಕುರ್ಚಿಯಲ್ಲಿ ಬೇರೆ ಬೇರೆ ತಲೆಗಳು. ಒಂದೆರಡು ಸಲ ನಾನೇ ಮುತ್ತಕ್ಕನಿಗೆ, ಸಂಜೆ ಮೀನಿಗೆ ಬೆಲೆ ಜಾಸ್ತಿ, ಸಂಜೆ ಬಾ ಅಂತ ಹೇಳಿ ನೋಡಿದೆ. "ನಿನ್ನ ಕತ್ತರಿ ನೀನು ನೋಡ್ಕೋ ಅಣ್ಣ" ಅಂದಳು.

ಈ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆಯಿಂದ ಹೊಳೆಯ ಮೇಲೆ ಗಾಳಿ. ಮುತ್ತಕ್ಕನ ದೋಣಿ ಬೆಳಿಗ್ಗೆ ಬರಲಿಲ್ಲ, ಊರು ದಡದಲ್ಲಿ ನಿಂತು ಕಾಯಿತು, ಆಮೇಲೆ ಮಳೆಗೆ ಒಳಗೆ ಹೋಯಿತು. ಸಂಜೆಗೆ ಮುಂಚೆ, ಕಣ್ಣು ಕಾಣದ ಮಳೆಯಲ್ಲಿ, ದೋಣಿ ಬಂತು. ಗಿರಾಕಿಯಿಲ್ಲ ಅಂತ ಚಂದ್ರಹಾಸ ಬೇಗ ಮುಚ್ಚುತ್ತಿದ್ದ. ಬಾಗಿಲು ಎಳೆದು, ಒರಗಿ ನಿಂತ. ಎದುರಿಗೆ ಯಾರೂ ಇರಲಿಲ್ಲ. ಮಳೆಗೇ ಹೇಳಿದ, "ನಿಂಗೆ ಬೀಜ ಬೇಕಿರಲಿಲ್ಲ, ನಂಗೆ ಗೊತ್ತಿತ್ತು. ಕೇಳೋಣ ಅಂದ್ರೆ ಆಗ ಮಾತಿರಲಿಲ್ಲ. ಕೊಡ್ತಾ ಹೋದೆ. ಅಷ್ಟು ಬೀಜ ಎಲ್ಲಿಟ್ಟೆ ಮಾರಾಯ?"

ಮುತ್ತಕ್ಕ ಬಗ್ಗಿ ಹಗ್ಗ ಬಿಗಿಯುತ್ತಿದ್ದಳು. ತಲೆ ಎತ್ತದೆ ಅಂದಳು, "ಒಂದೂ ಕಳೆದಿಲ್ಲ ಕಣೆ. ಎಲ್ಲ ನಡುಗಡ್ಡೆಲಿ ಹಾಕಿದ್ದೀನಿ. ದೋಣಿಲಿ ಇಬ್ಬರಿಗೆ ಜಾಗ ಇದೆ, ಬಾ, ತೋರಿಸ್ತೀನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಚಂದ್ರಹಾಸ ಮೀಸೆ ಒರೆಸಿಕೊಂಡ. "ಏನಂದ್ರಿ?" ಅಂದ. "ನಾನೇನಂದೆ?" ಅಂದಳು ಮುತ್ತಕ್ಕ. ಆಮೇಲೆ ಅವಳು ಬುಟ್ಟಿ ತಲೆಗೇರಿಸಿಕೊಂಡು ಮೆಟ್ಟಿಲು ಹತ್ತಿ ಹೋದಳು, ಅವನು ಬೀಗ ಹಾಕಿ ಮನೆಯ ಕಡೆ ಹೋದ. ಕೇಳಬೇಕಾಗಿದ್ದವರು ಇಬ್ಬರೂ ಇರಲಿಲ್ಲ. ನಾನಿದ್ದೆ.

ಟೋಪಿ ತೆಗೆದಿಟ್ಟು ಕುರ್ಚಿಯಲ್ಲಿ ಕೂತಿದ್ದ ಅತಿಥಿ, "ಯಾಕೆ ನಿಲ್ಲಿಸಿದಿರಿ?" ಅಂತ ಕೇಳಿದ.

"ಏನಿಲ್ಲ" ಅಂದೆ. "ಮಳೆಗೆ ನಡುಗಡ್ಡೆ ಕಾಣ್ತಾ ಇಲ್ಲ ಇವತ್ತು." ಅವನ ತಲೆಯನ್ನು ಮೆಲ್ಲಗೆ ಬೆಳಕಿನ ಕಡೆ ತಿರುಗಿಸಿಕೊಂಡು, ಕತ್ತರಿ ಆಡಿಸತೊಡಗಿದೆ.